ಡೇರಿ ಮುಂದಿನ ಹಂಪು

ಮಹದೇವಸ್ವಾಮಿಯವರೇ, ಆ ದಿನ ನಮ್ಮ ಡೇರಿಯ ಮುಂದೆ ರಸ್ತೆಯ ಮೇಲೆ ಹಂಪು ಇತ್ತು. ನಿಮ್ಮ ಕಣ್ಣು ಮೋಸ ಹೋಗಿರಲಿಲ್ಲ, ನಿಮ್ಮ ತಲೆಯೂ ಕೆಟ್ಟಿರಲಿಲ್ಲ. ಹಂಪು ಇತ್ತು — ಅದನ್ನು ಹಾಕಿಸಿದವನು ನಾನು. ನಿಮ್ಮ ಹೆಂಡತಿ ಅದರ ಮೇಲಿಂದ ಬಿದ್ದ ಮೂರು ಗಂಟೆಯೊಳಗೆ ಅದನ್ನು ಒಡೆಸಿ ಹಾಕಿದವನು ನಾನು. ಆಮೇಲೆ ಪೊಲೀಸರಿಗೂ ನಿಮಗೂ ಅಲ್ಲಿ ಏನೂ ಇರಲಿಲ್ಲ ಎಂದವನೂ ನಾನೇ.

ಇಷ್ಟು ಬರೆಯುವುದಕ್ಕೆ ನನಗೆ ಒಂಬತ್ತು ವರ್ಷ ಹಿಡಿಯಿತು. ಹೋದ ತಿಂಗಳು ತಿ. ನರಸೀಪುರದ ನಿಮ್ಮ ಮನೆಗೆ ಬಂದು ನಿಮ್ಮ ಎದುರು ಕೂತಾಗಲೂ ಬಾಯಿ ಬರಲಿಲ್ಲ. ಕಾಫಿ ಕುಡಿದು, ನಿಮ್ಮ ಸೊಂಟನೋವು ವಿಚಾರಿಸಿ, ಎದ್ದು ಬಂದೆ. ಮಾತಿನಲ್ಲಿ ನಾನು ನುಣುಚಿಕೊಳ್ಳುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮನಸ್ಸಿನಲ್ಲಿರುವ ಪುಟ್ಟಸ್ವಾಮಿ ಯಾರೆಂದು ಬಲ್ಲೆ. ನಂಜನಗೂಡು–ನರಸೀಪುರ ರಸ್ತೆಯ ಊರೊಂದರ ಹಾಲಿನ ಡೇರಿಯ ಸೆಕ್ರೆಟರಿ. ಬಿದ್ದ ಜಯಲಕ್ಷ್ಮಿಯವರನ್ನು ಎತ್ತಿ ಗೂಡ್ಸ್ ಆಟೋದಲ್ಲಿ ಮಲಗಿಸಿ, ತನ್ನ ತೊಡೆಯ ಮೇಲೆ ಅವರ ತಲೆ ಇಟ್ಟುಕೊಂಡು ನಂಜನಗೂಡಿನ ಆಸ್ಪತ್ರೆಯ ತನಕ ಬಂದವನು. ಅದು ಸುಳ್ಳಲ್ಲ. ಆದರೆ ಅದೊಂದೇ ನಿಜವಾಗಿದ್ದರೆ — ಬೇಡ, ಮೊದಲಿಂದ ಹೇಳುತ್ತೇನೆ.

ನಿಮ್ಮ ಅಪಘಾತಕ್ಕೆ ತಿಂಗಳಿಗೆ ಮುಂಚೆ ನಮ್ಮೂರ ಕೆಂಪಮ್ಮ ಡೇರಿಗೆ ಹಾಲು ಹಾಕಿ ರಸ್ತೆ ದಾಟುವಾಗ ಜಲ್ಲಿ ತುಂಬಿದ ಟಿಪ್ಪರ್ ಬಡಿದು ಸತ್ತಳು. ಆಕೆಯ ಖಾಲಿ ಕ್ಯಾನು ಕಾಲುವೆಯ ಆಚೆ ಸಿಕ್ಕಿತು. ಊರಿಗೆ ಊರೇ ರಸ್ತೆಯಲ್ಲಿ ಕೂತೆವು. ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರು ಎಲ್ಲವೂ ಎರಡೂ ಕಡೆ ಮೈಲಿಗಟ್ಟಲೆ ನಿಂತವು. ನಮ್ಮ ಕಡೆ ಇದೊಂದು ವಾಡಿಕೆ, ನಿಮಗೂ ಗೊತ್ತು. ಯಾರಾದರೂ ಸತ್ತರೆ ರಸ್ತೆ ತಡೆ, ರಸ್ತೆ ತಡೆದರೆ ಅಧಿಕಾರಿ, ಅಧಿಕಾರಿ ಬಂದರೆ ಹಂಪಿನ ಭರವಸೆ. ನಂಜನಗೂಡಿನಿಂದ ನರಸೀಪುರದ ತನಕ ಇರುವ ಹಂಪುಗಳನ್ನು ನೋಡುತ್ತಾ ಹೋದರೆ ಎಲ್ಲೆಲ್ಲಿ ಯಾರ್ಯಾರು ಸತ್ತರು ಅಂತ ಹೇಳಿಬಿಡಬಹುದು.

ಬಂದ ಇಂಜಿನಿಯರು ಒಳ್ಳೆಯ ಹುಡುಗ. ಬಿಸಿಲಲ್ಲಿ ನಿಂತು ತಾಳ್ಮೆಯಿಂದಲೇ ಹೇಳಿದ — ರಸ್ತೆ ಉಬ್ಬಿಗೆ ಇಂತಿಷ್ಟೇ ಎತ್ತರ, ಇಂತಿಷ್ಟು ಅಗಲ ಅಂತ ನಿಯಮ ಇದೆ, ಬಿಳಿ ಪಟ್ಟೆ ಹೊಡೆಯಬೇಕು, ಸಾಕಷ್ಟು ದೂರದಲ್ಲೇ ಬೋರ್ಡು ನೆಡಬೇಕು, ಮಂಜೂರಾತಿಗೆ ಬರೆಯುತ್ತೇನೆ. ನಾವು ನಕ್ಕೆವು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. "ಕೆಂಪಮ್ಮನ್ನ ಸಾಯ್ಸಕ್ಕೆ ಯಾವ ಮಂಜೂರಾತಿ ತಗಂಡಿದ್ರು ಸಾ?" ಅಂದೆ. ಜನ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ನನ್ನ ತಲೆಗೇರಿತು ಅಂತ ಈಗ ಅನ್ನಿಸುತ್ತದೆ. ಆಗ ಅದನ್ನು ಧೈರ್ಯ ಅಂದುಕೊಂಡಿದ್ದೆ.

ಎರಡು ವಾರ ಕಾದೆವು. ಮೂರನೆಯ ಭಾನುವಾರ ಬೆಳಿಗ್ಗೆ ಹಾಲಿನ ಲಾರಿ ಹೋದ ಮೇಲೆ ನಾವೇ ಹಾಕಲು ನಿಂತೆವು. ಚರಂಡಿ ಕೆಲಸಕ್ಕೆ ತಂದು ಮಿಕ್ಕಿದ್ದ ಜಲ್ಲಿ, ಮರಳು, ನಾಲ್ಕು ಮೂಟೆ ಸಿಮೆಂಟು ಇತ್ತು. ಗಾರೆ ಕೆಲಸದ ಸಿದ್ದರಾಜು ಕಲಸಿದ. ರಸ್ತೆಗೆ ಅಡ್ಡ ಎರಡು ಹಲಗೆ ಇಟ್ಟು ನನ್ನ ಮುಖ ನೋಡಿದ.

"ಎಷ್ಟೆತ್ರ ಎತ್ಲಿ ಸೆಕ್ರೆಟ್ರಿಗಳೇ?"

ನಾನು ಬಗ್ಗಿ ಡಾಂಬರಿನ ಮೇಲೆ ಹೆಬ್ಬೆರಳೂರಿ, ಕಿರುಬೆರಳನ್ನು ಮೇಲಕ್ಕೆ ಚಾಚಿ, ಗೇಣು ಅಗಲಿಸಿ ತೋರಿಸಿದೆ. "ಇಷ್ಟು."

"ಜಾಸ್ತಿ ಆಯ್ತದೆ ಕಣ್ರೀ. ನಾಕು ಬೆಳ್ಳು ಸಾಕು."

"ನಾಕು ಬೆಳ್ಳು ಟಿಪ್ಪರ್‌ನೋನಿಗೆ ಲೆಕ್ಕವೇನ್ಲಾ? ಎತ್ತು ಮೇಲಕ್ಕೆ. ಈ ಊರ ದಾಟ್ದೋನು ಮರೀಬಾರ್ದು."

ಅವನು ಎತ್ತಿದ. ಗೇಣಿಗಿಂತ ಒಂದು ಬೆರಳು ಕಡಿಮೆ ಇದ್ದೀತು. ಇಳಿಜಾರು ಇಲ್ಲದೆ ಗೋಡೆ ಕಟ್ಟಿದ ಹಾಗೆ ಎದ್ದು ನಿಂತಿತು. ಕರಣೆಯಿಂದ ಸವರುತ್ತಾ ಸಿದ್ದರಾಜು ಬಿಳಿ ಪಟ್ಟೆಯ ಮಾತು ಎತ್ತಿದ. ಡೇರಿಯ ಹಿಂದಿನ ಕೋಣೆಯಲ್ಲಿ ಅರ್ಧ ಡಬ್ಬ ಬಿಳಿ ಬಣ್ಣ ಇತ್ತು, ಮಹದೇವಸ್ವಾಮಿಯವರೇ. ಇಲ್ಲದಿದ್ದರೆ ಮಾತು ಬೇರೆ. ಇತ್ತು. ಆದರೆ ತಿಂಗಳ ಕೊನೆಗೆ ಡೇರಿ ನೋಡಲು ಮೇಲಿನವರು ಬರುವುದಿತ್ತು, ಅದನ್ನು ಮುಂದಿನ ಗೋಡೆಗೆ ಅಂತ ಇಟ್ಟಿದ್ದೆ. "ಆಮೇಕೆ ಬಣ್ಣ ಒಡ್ಸನ ಬುಡು" ಅಂದೆ. ಬೋರ್ಡಿನ ವಿಷಯ ಯಾರಿಗೂ ನೆನಪೇ ಆಗಲಿಲ್ಲ.

ಕಾಂಕ್ರೀಟು ಗಟ್ಟಿಯಾಗಲಿ ಅಂತ ಮೊದಲ ನಾಲ್ಕು ದಿನ ಅರ್ಧರ್ಧ ರಸ್ತೆಗೆ ಜಾಲಿಮುಳ್ಳು, ಕಲ್ಲು ಅಡ್ಡ ಇಟ್ಟಿದ್ದೆವು. ಅದನ್ನು ಕಂಡು ಗಾಡಿಯವರು ನಿಧಾನ ಮಾಡುತ್ತಿದ್ದರು. ಶುಕ್ರವಾರ ಅದನ್ನೂ ತೆಗೆಸಿದೆ. ಅವತ್ತೇ ಸಂಜೆ ಬೈಕಿನವನೊಬ್ಬ ಹಾರಿ ಬಿದ್ದು ಮೊಣಕೈ ತರಚಿಕೊಂಡ. ಇನ್ನೊಬ್ಬನ ತರಕಾರಿ ಮೂಟೆ ಚೆಲ್ಲಿತು. ಡೇರಿಯ ಜಗಲಿಯಲ್ಲಿ ಕೂತವರು ಶಿಳ್ಳೆ ಹಾಕಿ ನಕ್ಕರು. "ಈಗ ಬುದ್ಧಿ ಬತ್ತದೆ ನೋಡು ನನ್ಮಕ್ಳಿಗೆ" ಅಂದವನು ನಾನು. ಎದ್ದು ಒಳಗೆ ಹೋಗಿ ಡಬ್ಬ ತಂದು ನಾಲ್ಕು ಪಟ್ಟೆ ಎಳೆಯಲು ಅರ್ಧ ಗಂಟೆಯೂ ಹಿಡಿಯುತ್ತಿರಲಿಲ್ಲ. ಎಳೆಯಲಿಲ್ಲ.

ನೀವು ಬಂದಿದ್ದು ಮರುದಿನ, ಶನಿವಾರ ಬೆಳಿಗ್ಗೆ.

ಏಳು ಗಂಟೆ ಇರಬೇಕು. ನಾನು ಡೇರಿಯೊಳಗೆ ಲ್ಯಾಕ್ಟೊಮೀಟರ್ ಇಳಿಬಿಟ್ಟು ಹಾಲಿನ ಡಿಗ್ರಿ ನೋಡುತ್ತಿದ್ದೆ. ನಿಮ್ಮ ಮುಂದೆ ಹುಲ್ಲು ತುಂಬಿದ ಟೆಂಪೋ ಇತ್ತಂತೆ, ಅದು ಹಂಪನ್ನು ಮರೆಮಾಡಿತ್ತಂತೆ. ಇದನ್ನು ನೀವೇ ಆಸ್ಪತ್ರೆಯಲ್ಲಿ ಹೇಳಿದಿರಿ. ನಿಮ್ಮ ನಾದಿನಿಗೆ ನಂಜನಗೂಡಿನಲ್ಲಿ ಹೆರಿಗೆಯಾಗಿತ್ತು. ಬಾಣಂತಿಗೆ ಅಂತ ಜಯಲಕ್ಷ್ಮಿಯವರು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮೆಣಸಿನ ಸಾರು, ಅನ್ನ ಮಾಡಿ ಸ್ಟೀಲಿನ ಕ್ಯಾರಿಯರಿನಲ್ಲಿ ತುಂಬಿಕೊಂಡಿದ್ದರು. ಒಂದೇ ಕಡೆ ಕಾಲು ಹಾಕಿಕೊಂಡು, ಕ್ಯಾರಿಯರನ್ನು ಮಡಿಲಲ್ಲಿ ಇಟ್ಟುಕೊಂಡು ನಿಮ್ಮ ಹಿಂದೆ ಕೂತಿದ್ದರು. ನಿಮ್ಮನ್ನು ಹಿಡಿದುಕೊಂಡಿರಲಿಲ್ಲ.

ನಾನು ಶಬ್ದ ಕೇಳಿ ಓಡಿ ಬಂದಾಗ ಸಾರು ರಸ್ತೆಯ ಮೇಲೆಲ್ಲ ಹರಿದಿತ್ತು. ಅದರಲ್ಲಿ ಯಾವುದು ಸಾರು, ಯಾವುದು — ನಿಮಗೆ ಗೊತ್ತಿದೆ, ನಾನು ಬರೆಯುವುದಿಲ್ಲ. ಬೈಕು ಇಪ್ಪತ್ತಡಿ ಆಚೆ ಬಿದ್ದಿತ್ತು. ನೀವು ತೆವಳಿಕೊಂಡು ಅವರ ಹತ್ತಿರ ಬಂದಿರಿ. "ಎರಡು ಕೈಲೂ ಇಡ್ಕೊ, ಚೆಲ್ತದೆ ಅಂದೋನು ನಾನೇ ಕಣ್ರೀ, ನಾನೇ ಕಣ್ರೀ" ಅಂತ ಅಲ್ಲಿದ್ದವರಿಗೆಲ್ಲ ಹೇಳುತ್ತಿದ್ದಿರಿ. ನಾನು ನಿಮ್ಮ ಕೈ ಹಿಡಿದು ಸಮಾಧಾನ ಮಾಡಿದೆ. ಹಾಗೆ ಕೈ ಹಿಡಿದುಕೊಂಡೇ ಒಂದು ಸಲ ಹಂಪಿನ ಕಡೆ ನೋಡಿದೆ. ನನಗೆ ಹೆದರಿಕೆಯಾಯಿತು. ಅದು ನಿಮಗಾಗಿ ಅಲ್ಲ, ಜಯಲಕ್ಷ್ಮಿಯವರಿಗಾಗಿಯೂ ಅಲ್ಲ. ನನಗಾಗಿ.

ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ತಲೆಯಾಡಿಸಿದಾಗ ನೀವು ಗೋಡೆಗೊರಗಿ ಹಾಗೇ ಕುಸಿದಿರಿ. ನಾನು ನೀರು ತರುತ್ತೇನೆ ಅಂತ ಎದ್ದೆ. ನೀರಿನ ನಲ್ಲಿಯ ಹತ್ತಿರ ನಿಂತು ಸಿದ್ದರಾಜುಗೆ ಫೋನು ಮಾಡಿದೆ.

"ಓಗ್ಬುಟ್ರು ಕಣ್ಲಾ" ಅಂದೆ. ಅವನು ಅಯ್ಯೋ ಅಂದ. "ಪೊಲೀಸ್ನೋರು ಬರೋದ್ರೊಳಗೆ ಅಂಪು ಕಿತ್ತಾಕ್ಬುಡಿ. ಆರೆ, ಪಿಕಾಸಿ ತಗಳಿ, ಇನ್ನೂ ಗಟ್ಟಿ ಆಗಿರಕಿಲ್ಲ. ಕಿತ್ತಿದ್ನೆಲ್ಲ ಕಾಲುವೆಗೆ ಆಕಿ."

"ಸೆಕ್ರೆಟ್ರಿಗಳೇ… ಅದು…"

"ಏಳ್ದಷ್ಟು ಮಾಡ್ಲಾ."

ಆಮೇಲೆ ಲೋಟದಲ್ಲಿ ನೀರು ಹಿಡಿದು ತಂದು ನಿಮಗೆ ಕುಡಿಸಿದೆ. ನೀವು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಿರಿ. ನಾನೂ ಅತ್ತೆ. ಆ ಅಳು ನಾಟಕವಾಗಿರಲಿಲ್ಲ, ಅದೇ ನನಗೆ ಇವತ್ತಿಗೂ ಅರ್ಥವಾಗದ್ದು. ಒಬ್ಬನೇ ಮನುಷ್ಯ, ಒಂದೇ ಐದು ನಿಮಿಷದಲ್ಲಿ… ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಮಧ್ಯಾಹ್ನ ನಾನು ಊರಿಗೆ ಮರಳುವ ಹೊತ್ತಿಗೆ ಪೊಲೀಸರು ಮಹಜರಿಗೆ ಬಂದರು. ಊರಿನ ಇಬ್ಬರು ಪಂಚರ ಎದುರು ಜಾಗ ನೋಡಿ ಬರೆದುಕೊಳ್ಳಬೇಕು, ಪಂಚರು ಸಹಿ ಹಾಕಬೇಕು. ನಮ್ಮ ಸುತ್ತಿನಲ್ಲಿ ಕಳ್ಳತನವಾಗಲಿ, ಜಮೀನಿನ ಜಗಳವಾಗಲಿ, ಪಂಚ ಅಂದರೆ ಪುಟ್ಟಸ್ವಾಮಿಯೇ. ಡೇರಿ ರಸ್ತೆ ಬದಿಗೇ ಇದೆ, ಹಗಲೆಲ್ಲ ಅಲ್ಲೇ ಸಿಗುತ್ತೇನೆ, ನನ್ನ ಅಕ್ಷರ ದುಂಡಗಿದೆ. ಹಾಗಾಗಿ ಎಷ್ಟೋ ಸಲ ಬರೆಯುವ ಕೆಲಸವನ್ನೂ ನನಗೇ ಕೊಡುತ್ತಿದ್ದರು. ಅದರಲ್ಲಿ ನನಗೊಂದು ಜಂಬವೂ ಇತ್ತು. ಹಾಲಿಗೆ ಒಂದು ಲೋಟ ನೀರು ಬೆರೆಸಿದವರನ್ನು ಊರ ಮುಂದೆ ನಿಲ್ಲಿಸಿ ಬೈದವನು ನಾನು. ಸತ್ಯಸಂಧ ಅಂತ ಹೆಸರು ಮಾಡಿದ್ದೆ.

ಬಂದಿದ್ದ ಹೆಡ್ ಕಾನ್‌ಸ್ಟೆಬಲ್ಲು ವಯಸ್ಸಾದ ಮನುಷ್ಯ. ಅವರ ತಪ್ಪು ಏನೇನೂ ಇಲ್ಲ, ಅದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ಅವರು ಕೇಳಿದರು. "ಆಯಪ್ಪ ಆಸ್ಪತ್ರೇಲಿ ಹಂಪು ಹಂಪು ಅಂತಾವ್ನೆ. ಎಲ್ರೀ ಹಂಪು?"

ಅವರ ಕಾಲ ಬಳಿಯೇ ಡಾಂಬರು ಕಿತ್ತು ಹೋಗಿ ಉದ್ದಕ್ಕೆ ಮಣ್ಣಿನ ಪಟ್ಟೆಯಿತ್ತು. ಸಿದ್ದರಾಜುವೂ ಇನ್ನಿಬ್ಬರೂ ಬೆವರು ಒರೆಸಿಕೊಳ್ಳುತ್ತಾ ದೂರದಲ್ಲಿ ನಿಂತಿದ್ದರು. ಎಲ್ಲರೂ ನನ್ನನ್ನೇ ನೋಡಿದರು.

"ಇಲ್ಲಿ ಹಂಪು ಏನೂ ಇರ್ಲಿಲ್ಲ ಸಾ" ಅಂದೆ. "ಇದು ನೀರಿನ ಪೈಪಿಗೆ ಅಗ್ದಿದ್ದು, ಮುಚ್ಚಿದ್ದೀವಿ. ಪಾಪ, ಎಂಡ್ತಿ ಓದ ಸಂಕಟದಲ್ಲಿ ಏನೇನೋ ಏಳ್ತಾವ್ರೆ."

ಅವರು ಒಂದು ಕ್ಷಣ ನನ್ನ ಮುಖ ನೋಡಿ, "ನೀವು ಹೇಳಿದ್ ಮೇಲೆ ಆಯ್ತು" ಅಂದರು. ಈ ಮಾತು ನನಗೆ ಆ ಹೊತ್ತಿನಲ್ಲಿ ಎಷ್ಟು ಹಾಯೆನಿಸಿತು ಅಂದರೆ — ಛೆ. ಅವರು ಹೇಳುತ್ತಾ ಹೋದರು, ನಾನು ಬರೆದೆ. ರಸ್ತೆಯು ನೇರವಾಗಿಯೂ ಸಮತಟ್ಟಾಗಿಯೂ ಇದ್ದು ಸಂಚಾರಕ್ಕೆ ಯಾವುದೇ ಅಡಚಣೆ ಕಂಡುಬರುವುದಿಲ್ಲ. ಸಮತಟ್ಟು ಅಂತ ಅವರು ಹೇಳಿದ್ದು. 'ಯಾವುದೇ ಅಡಚಣೆ ಕಂಡುಬರುವುದಿಲ್ಲ' ಅನ್ನುವುದು ಹಳೆಯ ಮಹಜರುಗಳಿಂದ ನನಗೆ ಬಾಯಿಪಾಠವಾಗಿತ್ತು, ಕೈ ತಾನೇ ಬರೆಯಿತು. ಕೆಳಗೆ ಸಹಿ ಹಾಕಿದೆ. ಸವಾರನ ಅತಿವೇಗ ಮತ್ತು ಅಜಾಗರೂಕತೆ ಅಂತ ಕೇಸಾಯಿತು. ಆ ಸವಾರ ನೀವು.

ಇಲ್ಲಿಗೇ ನಿಂತಿದ್ದರೂ ನಾನು ಪಾಪಿಯೇ. ಆದರೆ ಇದಕ್ಕಿಂತ ದೊಡ್ಡದನ್ನು ಆಮೇಲೆ ಮಾಡಿದೆ. ತಿಥಿ ಮುಗಿಸಿ, ತಲೆ ಬೋಳಿಸಿಕೊಂಡು, ಬಸ್ಸಿನಿಂದ ನಮ್ಮೂರಲ್ಲಿ ಇಳಿದಿರಲ್ಲ ನೀವು, ನೆನಪಿದೆಯೇ? ಡೇರಿಯ ಮುಂದೆ ರಸ್ತೆಯಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆದಿರಿ. ಚಪ್ಪಲಿ ಬಿಟ್ಟು ಅಂಗಾಲಿನಿಂದ ಡಾಂಬರನ್ನೂ ಆ ಮಣ್ಣಿನ ಪಟ್ಟೆಯನ್ನೂ ತಡವಿದಿರಿ. ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಆಮೇಲೆ ಜಗಲಿ ಹತ್ತಿ ಬಂದು ನನ್ನ ಎದುರು ಕೈ ಮುಗಿದು ಕೇಳಿದಿರಿ.

"ಯಜಮಾನ್ರೇ, ಇಲ್ಲೊಂದು ಅಂಪು ಇತ್ತಲ್ವರಾ?"

ಅಲ್ಲಿ ಆಗ ಯಾರೂ ಇರಲಿಲ್ಲ. ನಾವಿಬ್ಬರೇ. ಪೊಲೀಸರಿಲ್ಲ, ಊರವರಿಲ್ಲ. ಹೌದು ಅಂತ ನಿಮ್ಮ ಕಿವಿಯಲ್ಲಿ ಪಿಸುಗುಟ್ಟಿದ್ದರೂ ಸಾಕಿತ್ತು. ನೀವು ಕೇಸಿಗಾಗಿ ಕೇಳುತ್ತಿರಲಿಲ್ಲ, ನಿಮ್ಮ ಕಣ್ಣಿನಲ್ಲಿ ಅದಿರಲಿಲ್ಲ. ನಿಮಗೆ ನಿಮ್ಮ ನೆನಪು ನಿಜವೋ ಅಲ್ಲವೋ ಅಂತ ತಿಳಿಯಬೇಕಿತ್ತು, ಅಷ್ಟೇ.

ನಾನು ಹುಡುಗನಿಗೆ ಹೇಳುವವನ ಹಾಗೆ ನಿಮ್ಮ ಬೆನ್ನು ಸವರಿದೆ. "ಇಲ್ಲ ಕಣಪ್ಪ. ಆ ಮಣ್ಣು ಪೈಪಿಗೆ ಅಗ್ದಿದ್ದು. ಇಂಥಾ ಒತ್ನಲ್ಲಿ ಮನ್ಸಿಗೆ ಏನೇನೋ ಕಾಣ್ತದೆ. ಅದ್ನೆಲ್ಲ ತಲೆಗೆ ಆಕೋಬೇಡ" ಅಂದೆ. "ಅಂಗಾದ್ರೆ ನಾನೇ" ಅಂದಿರಿ. ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ನಿಂತಿರಿ. ಬಿಸಿ ಹಾಲು ಕುಡಿದು ಹೋಗಿ ಅಂತ ನಾನು ಕೂಗಿದೆ. ನೀವು ತಿರುಗಿ ನೋಡಲಿಲ್ಲ.

ಅಂಗಾದ್ರೆ ನಾನೇ — ಇದಕ್ಕಿಂತ ಬೇರೆ ಶಿಕ್ಷೆ ನನಗೆ ಬೇಕಿಲ್ಲ ಅಂತ ಬರೆಯಬೇಕು ಅನ್ನಿಸಿತು. ಅದೂ ಸುಳ್ಳೇ. ಆಗ ನನಗೆ ಯಾವ ಶಿಕ್ಷೆಯೂ ಆಗಲಿಲ್ಲ. ಊಟ ಸೇರುತ್ತಿತ್ತು. ಕೋರ್ಟಿನಲ್ಲಿ ನೀವೇ ತಪ್ಪು ಒಪ್ಪಿಕೊಂಡಿರಿ, ಸಾಕ್ಷಿ ಬೇಕಾಗಲೇ ಇಲ್ಲ ಅಂತ ಸುದ್ದಿ ಬಂದ ದಿನ ಡೇರಿಯಲ್ಲಿ ಎಲ್ಲರಿಗೂ ಟೀ ತರಿಸಿ ಕೊಟ್ಟೆ. ಏನು ವಿಶೇಷ ಅಂತ ಕೇಳಿದವರಿಗೆ ಸುಮ್ಮನೆ ಅಂದೆ. ಸಿದ್ದರಾಜು ಒಬ್ಬನು ಟೀ ಕುಡಿಯದೆ ಲೋಟ ಹಾಗೇ ಇಟ್ಟು ಹೋದ. ಅದಾದ ಮೇಲೆ ಅವನು ನಮ್ಮೂರಿನ ರಸ್ತೆ ಕೆಲಸಕ್ಕೆ ಯಾವತ್ತೂ ಬರಲಿಲ್ಲ.

ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಈ ವರ್ಷ, ಅದೂ ಶಾಲೆಯೊಂದರಲ್ಲಿ. ನಿವೃತ್ತಿಯಾದ ಮೇಲೆ ನಾನು ಊರ ಹಿರಿಯ. ರಸ್ತೆ ಸುರಕ್ಷತೆ ಅಂತ ಹೈಸ್ಕೂಲಿನಲ್ಲಿ ಕಾರ್ಯಕ್ರಮ ಇಟ್ಟು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ಟೀಚರಮ್ಮ ಗೋಡೆಯ ಮೇಲೆ ಚಿತ್ರ ಬಿಟ್ಟು ಪಾಠ ಮಾಡಿದರು. ಲೋಕದಲ್ಲಿ ಎಲ್ಲೆಲ್ಲಿ ಕಾರ್ಖಾನೆಗಳಿಂದ ವಿಷಗಾಳಿ ಸೋರಿತು, ರೈಲು ಹಳಿ ತಪ್ಪಿತು, ಹಡಗು ಮುಳುಗಿತು, ವಿಮಾನ ಬಿತ್ತು, ಸೇತುವೆ ಕುಸಿಯಿತು. ಅಂಥ ದೊಡ್ಡ ದುರಂತವಾದರೆ ಜಗತ್ತೆಲ್ಲ ಮರುಗುತ್ತದೆ, ವಿಚಾರಣೆಗೆ ಸಮಿತಿ ಕೂರುತ್ತದೆ, ಯಂತ್ರ ಬದಲಾಗುತ್ತದೆ, ಕಾನೂನು ಬದಲಾಗುತ್ತದೆ, ರಸ್ತೆಯಲ್ಲಿ ಮಾತ್ರ ಒಬ್ಬೊಬ್ಬರೇ ಸಾಯುತ್ತಾರೆ, ಅದಕ್ಕೇ ಯಾರಿಗೂ ಕಾಣುವುದಿಲ್ಲ, ಒಟ್ಟು ಸೇರಿಸಿ ನೋಡಿದರೆ ಅದೇ ಎಲ್ಲಕ್ಕಿಂತ ದೊಡ್ಡದು ಅಂದರು. ಕೊನೆಗೆ ದುಂಡನೆಯ ಚಿತ್ರವೊಂದು ಬಂತು. ಅಪಘಾತಕ್ಕೆ ಕಾರಣಗಳು ಅಂತ ಬಣ್ಣಬಣ್ಣದ ತುಂಡುಗಳು. ಎಲ್ಲಕ್ಕಿಂತ ದೊಡ್ಡ ತುಂಡಿನ ಮೇಲೆ 'ಚಾಲಕರ ತಪ್ಪು' ಅಂತ ಬರೆದಿತ್ತು. ರಸ್ತೆಯ ದೋಷ ಅನ್ನುವ ತುಂಡು ಮೂಲೆಯಲ್ಲಿ ಸಣ್ಣಗಿತ್ತು.

ಮುಂದಿನ ಸಾಲಿನಿಂದ ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದಳು. "ಮಿಸ್, ಯಾರ್ ತಪ್ಪು ಅಂತ ಹೆಂಗ್ ಗೊತ್ತಾಗುತ್ತೆ? ಅದನ್ನ ಯಾರು ಬರೀತಾರೆ?"

"ಅಪಘಾತ ಆದ ಜಾಗಕ್ಕೆ ಪೊಲೀಸರು ಹೋಗ್ತಾರಲ್ಲಮ್ಮ, ಅಲ್ಲಿದ್ದೋರು ಹೇಳಿದ್ದನ್ನ ಬರ್ಕೋತಾರೆ. ಅದೆಲ್ಲ ಸೇರಿ ಲೆಕ್ಕ ಆಗುತ್ತೆ" ಅಂದರು ಟೀಚರಮ್ಮ.

ಹೊದಿಸಿದ್ದ ಶಾಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡೆ. ಆ ದೊಡ್ಡ ತುಂಡಿನೊಳಗೆ ನನ್ನ ದುಂಡಗಿನ ಅಕ್ಷರವೂ ಇತ್ತು. ನಾನೊಬ್ಬನೇ ಇರಲಿಕ್ಕಿಲ್ಲ. ಎಲ್ಲೋ ಯಾವುದೋ ದೇಶದಲ್ಲಿ ಸವೆದ ಬ್ರೇಕನ್ನು ಬದಲಿಸಿ ಹಳೆಯದನ್ನು ಬಚ್ಚಿಟ್ಟವನು, ಮುರಿದ ಕಂಬಿಯನ್ನು ಮರೆಮಾಡಿ ಬಣ್ಣ ಬಳಿದವನು, ಸತ್ತವನ ಮೇಲೆ ಎಲ್ಲ ಹೇರಿ ಸಹಿ ಹಾಕಿದವನು — ಅವರೆಲ್ಲ ಸೇರಿ ಆ ತುಂಡನ್ನು ಎಷ್ಟು ಹಿಗ್ಗಿಸಿದ್ದಾರೋ. ಇದನ್ನು ಬರೆಯುವಾಗ ನನಗೆ ಒಂದು ಗಳಿಗೆ ಜೊತೆಗಾರರು ಸಿಕ್ಕ ಹಾಗೆ ಸಮಾಧಾನವಾಯಿತು. ಆ ಸಮಾಧಾನವೂ ನನಗೆ ಸಲ್ಲದು. ಅವರ ಪಾಪ ಅವರದು, ನನ್ನದು ನನ್ನದು. ಮೈಕು ಕೈಗೆ ಕೊಟ್ಟರು. ಹುಷಾರಾಗಿ ಗಾಡಿ ಓಡಿಸಿ ಮಕ್ಕಳೇ ಅಂತ ಎರಡು ಮಾತು ಹೇಳಿ ಕೂತೆ. ಮಕ್ಕಳು ಚಪ್ಪಾಳೆ ಹೊಡೆದರು.

ಅದರ ಮಾರನೆಯ ವಾರವೇ ನಿಮ್ಮ ವಿಳಾಸ ಹುಡುಕಿಕೊಂಡು ನರಸೀಪುರಕ್ಕೆ ಬಂದೆ. ಹೇಳಿಯೇ ಬಿಡಬೇಕು ಅಂತಲೇ ಬಂದೆ. ನೀವು ಬಾಗಿಲು ತೆಗೆದವರೇ ಗುರುತು ಹಿಡಿದು ನನ್ನ ಕಾಲಿಗೆ ಬಗ್ಗಿದಿರಿ. ಪಕ್ಕದ ಮನೆಯವರನ್ನು ಕೂಗಿ ಕರೆದು, "ಅವತ್ತು ನನ್ ಎಂಡ್ತಿ ತಲೆ ತೊಡೆ ಮ್ಯಾಲೆ ಇಟ್ಕಂಡು ಬಂದ ದೇವ್ರು ಇವ್ರೇ" ಅಂದಿರಿ. ನಾನು ಅವರಿಗೆ ಕೈ ಮುಗಿದೆ. ಒಬ್ಬರೇ ಅಡುಗೆ ಮಾಡಿಕೊಳ್ಳುವ ಮನೆ ಅಂತ ನೋಡಿದರೆ ತಿಳಿಯುತ್ತಿತ್ತು. ಕೆಲಸ ಮಾಡುವ ಕಾರ್ಖಾನೆಗೆ ಬಸ್ಸಿನಲ್ಲೇ ಹೋಗಿ ಬರುತ್ತೇನೆ, ಅವತ್ತಿಂದ ಗಾಡಿ ಮುಟ್ಟಿಲ್ಲ ಅಂದಿರಿ. ಅವತ್ತು ಆಸ್ಪತ್ರೆಯಲ್ಲಿ ನೀವು ಹೇಳಿದ್ದ ಮಗಳೆಲ್ಲಿ ಅಂತ ಕೇಳಿದೆ. ಕೇಳಬಾರದಿತ್ತು. ಇಲ್ಲ — ಕೇಳಲೇಬೇಕಿತ್ತು.

"ಚೈತ್ರ ನಂಜನಗೂಡಲ್ಲಿ ಅವ್ರ ಚಿಕ್ಕಮ್ಮನ ಮನೇಲಿ ಅವ್ಳೆ. ಮಾತಾಡ್ಸಕಿಲ್ಲ ನನ್ನ" ಅಂದಿರಿ. ಎಷ್ಟು ಶಾಂತವಾಗಿ ಅಂದಿರಿ. "ಅವ್ಳ ತಪ್ಪಲ್ಲ ಯಜಮಾನ್ರೇ. ಅವ್ರವ್ವ ಸತ್ತಿದ್ಕಲ್ಲ ಅವ್ಳಿಗೆ ಕೋಪ. ನಾನು ಸುಳ್ಳು ಏಳ್ಬುಟ್ಟೆ. ಅಂಪು ಇತ್ತು, ಅಂಪು ಇತ್ತು ಅಂತ ಮಗು ಮುಂದೆ ಎಷ್ಟ್ ಸಲ ಏಳಿದ್ನೋ. ಆಮೇಕೆ ಪೊಲೀಸ್ ಕಾಗ್ದ ಓದುದ್ಲು, ಅದ್ರಲ್ಲಿ ಇಲ್ಲ ಅಂತ ಅದೆ. ತಪ್ಪು ಒಪ್ಕೊಳ್ದೆ ಅವ್ವನ ಸಾವಿಗೂ ಸುಳ್ಳು ಏಳಿದ್ಯಲ್ಲಪ್ಪ ಅಂದ್ಲು. ಅದೇ ಕಡೇ ಮಾತು. ಅವಾಗ ಅವ್ಳಿಗೆ ಅದ್ನಾರು ವರ್ಷ. ಯಾಕಂಗೆ ಸುಳ್ಳು ಏಳಿದ್ನೋ ನಂಗೂ ತಿಳೀದು."

ಮಹದೇವಸ್ವಾಮಿಯವರೇ, ನೀವು ಸುಳ್ಳು ಹೇಳಿರಲಿಲ್ಲ. ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಲುವುದಿಲ್ಲ. ನಾನು ನಿಮ್ಮ ಹೆಂಡತಿಯನ್ನು ನಿಮ್ಮಿಂದ ಕಿತ್ತುಕೊಂಡೆ, ಅದು ನನ್ನ ಅಹಂಕಾರದಿಂದ, ಉದಾಸೀನದಿಂದ ಆಯಿತು. ಆದರೆ ನಿಮ್ಮ ಮಗಳನ್ನು, ನಿಮ್ಮ ಮೇಲೆ ನಿಮಗಿದ್ದ ನಂಬಿಕೆಯನ್ನು ಕಿತ್ತುಕೊಂಡದ್ದು — ಅದು ಗೊತ್ತಿದ್ದೂ ಮಾಡಿದ್ದು. ನಿಮ್ಮ ಎದುರು ಕೂತು, ನಿಮ್ಮ ಬೆನ್ನು ಸವರುತ್ತಾ ಮಾಡಿದ್ದು. ಕೆಲಸ ಹೋದೀತು, ಜೈಲಾದೀತು ಅನ್ನುವ ಭಯವಿತ್ತು, ನಿಜ. ಭಯ ಮೊದಲ ದಿನಕ್ಕೆ ಆಯಿತು. ಮಿಕ್ಕ ಒಂಬತ್ತು ವರ್ಷಕ್ಕೆ ಹೇಳಲು ನನ್ನ ಬಳಿ ಏನೂ ಇಲ್ಲ.

ಆ ದಿನ ನಿಮ್ಮ ಮನೆಯಿಂದ ಬಂದ ಮೇಲೆ ಈ ಕಾಗದ ಶುರು ಮಾಡಿದೆ. ಹರಿದು ಹರಿದು ಬರೆದೆ. ಠಾಣೆಗೆ ಕೊಡುವ ಹೇಳಿಕೆಯನ್ನೂ ಬೇರೆಯಾಗಿ ಬರೆದೆ. ಅದರಲ್ಲಿ ನನ್ನ ಹೆಸರು ಮಾತ್ರ ಇದೆ. ಹಾರೆ ಹಿಡಿದವರು ನಾನು ಹೇಳಿದ್ದಕ್ಕೆ ಹಿಡಿದರು. ಅಂಚೆಗೆ ಹಾಕೋಣ ಅಂತ ಇವತ್ತು ಬೆಳಿಗ್ಗೆ ನಂಜನಗೂಡಿಗೆ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತಾಗ ಹೊಳೆಯಿತು — ಅಂಚೆಗೆ ಹಾಕುವುದೂ ತಪ್ಪಿಸಿಕೊಳ್ಳುವುದೇ. ಮೊದಲು ಒಬ್ಬರ ಮುಖ ನೋಡಿ ಕೊಡಬೇಕು, ನಿಮ್ಮ ಮಗಳು ಇದೇ ಊರಲ್ಲಿದ್ದಾಳೆ.

ಈ ಹಾಳೆಯನ್ನು ನಿಮ್ಮ ನಾದಿನಿಯ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಹಿಂದಿನ ಹಾಳೆಗಳೆಲ್ಲವನ್ನೂ ಚೈತ್ರ ಓದಿದಳು. ಬಾಗಿಲಲ್ಲೇ ನಿಂತು ಓದಿದಳು, ನನಗೆ ಕೂರಿ ಅನ್ನಲಿಲ್ಲ. ಅದೇ ಸರಿ. ಮಧ್ಯದಲ್ಲಿ ಒಂದು ಕಡೆ ನಿಲ್ಲಿಸಿ, ಅದೇ ಹಾಳೆಯನ್ನು ಎರಡು ಸಲ ಓದಿದಳು. ಯಾವ ಹಾಳೆ ಅಂತ ನಾನು ಇಣುಕಲಿಲ್ಲ. ಓದಿ ಮುಗಿಸಿ ನನ್ನನ್ನು ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೆ. ಹಾಗೆ ಮಾಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಅಪ್ಪಂಗೆ ಗೊತ್ತಾ ಇದು?" ಅಂದಳು.

"ಇಲ್ಲಮ್ಮ."

"ಸುಳ್ಳುಗಾರ ಅಂದಿದ್ದೆ ನಾನು ಅವರನ್ನ." ಇದನ್ನು ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ. ಆಮೇಲೆ, "ನಾನೇ ತಗೊಂಡು ಹೋಗ್ತೀನಿ. ನೀವು ಬರಬೇಡಿ" ಅಂದಳು. ಒಳಗೆ ಹೋಗಿ ಚಿಕ್ಕಮ್ಮನಿಗೆ ನರಸೀಪುರಕ್ಕೆ ಹೋಗಿ ಬರುತ್ತೇನೆ ಅಂತ ಹೇಳುತ್ತಿರುವುದು ಇಲ್ಲಿಗೆ ಕೇಳುತ್ತಿದೆ. ಆಕೆ ಏನೋ ಕೇಳುತ್ತಿದ್ದಾರೆ. ಇವಳು ಅಳುತ್ತಿದ್ದಾಳೆ.

ನಾನು ಇಲ್ಲಿಂದ ನೇರ ಠಾಣೆಗೆ ಹೋಗುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಕ್ಷಮಿಸಿ ಅಂತ ಈ ಕಾಗದದಲ್ಲಿ ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಅದನ್ನು ಕೇಳುವ ಹಕ್ಕನ್ನು ನೀವು ಅಂಗಾಲಿನಿಂದ ರಸ್ತೆ ತಡವಿದ ದಿನವೇ ನಾನು ಕಳೆದುಕೊಂಡೆ.

ಈ ಕಾಗದ ನಿಮ್ಮ ಕೈಯಲ್ಲಿದೆ ಅಂದರೆ ನಿಮ್ಮ ಮಗಳು ನಿಮ್ಮ ಎದುರು ನಿಂತಿದ್ದಾಳೆ. ಒಂಬತ್ತು ವರ್ಷ ನಿಮ್ಮಿಬ್ಬರ ನಡುವೆ ನಿಂತಿದ್ದವನು ನಾನು. ಇನ್ನು ನನ್ನನ್ನು ಓದಬೇಡಿ, ಮಹದೇವಸ್ವಾಮಿಯವರೇ. ಅವಳನ್ನು ಒಳಗೆ ಕರೆಯಿರಿ.